ಅಪ್‌ಡೇಟ್: ಟೆಕ್ಸಾಸ್‌ನ ಜರ್ಮನ್ ಕುಟುಂಬಗಳ ಮಾತು ದಾಖಲಿಸುವ ಕೆಲಸಕ್ಕೆ ಸೇರಿದೆ

ಜರ್ಮನ್ ವಲಸಿಗ ಕುಟುಂಬಗಳ ಮೌಖಿಕ ಇತಿಹಾಸ ಸಂಗ್ರಹಿಸುವ ಯೋಜನೆಗೆ, ಜರ್ಮನ್ ಅರೆಬರೆ ಬರುವ ಕನ್ನಡತಿಯೊಬ್ಬಳು ಸೇರಬಹುದೇ ಎಂದು ಹಿಂದೆ ಕೇಳಿದ್ದೆ. ಸೇರಿದೆ. ಧೈರ್ಯ ತುಂಬಿದ ಎಲ್ಲರಿಗೂ ಕೃತಜ್ಞತೆಗಳು.

ನಾನಿರುವುದು ಆಸ್ಟಿನ್‌ನಲ್ಲಿ. ಇಲ್ಲಿಗೆ ಹತ್ತಿರದ ನ್ಯೂ ಬ್ರೌನ್‌ಫೆಲ್ಸ್ 1845ರಲ್ಲಿ, ಫ್ರೆಡರಿಕ್ಸ್‌ಬರ್ಗ್ 1846ರಲ್ಲಿ ಜರ್ಮನ್ ವಲಸಿಗರು ಕಟ್ಟಿದ ಊರುಗಳು. ಮೊದಲೆರಡು ಭೇಟಿಗಳಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದೆ, ರೆಕಾರ್ಡರ್ ನೋಡಿಕೊಂಡೆ, ಅಷ್ಟೇ. ಮೂರನೆಯ ಸಲ ತೊಂಬತ್ತು ದಾಟಿದ ಅಜ್ಜಿಯೊಬ್ಬರ ಎದುರು ಕುಳಿತೆ. ವಿಮಾನಕ್ಕೆ ಅವರು ‘ಲುಫ್ಟ್‌ಶಿಫ್’ ಎನ್ನುತ್ತಾರೆ, ಗಾಳಿಯ ಹಡಗು! ಅವರ ಪೂರ್ವಜರು ಹಡಗು ಹತ್ತಿದಾಗ ವಿಮಾನವೇ ಇರಲಿಲ್ಲವಲ್ಲ. ಇಲ್ಲಿನ ಸ್ಕಂಕ್ ಪ್ರಾಣಿಗೆ ‘ಸ್ಟಿಂಕ್‌ಕಾಟ್ಸೆ’, ಅಂದರೆ ನಾರುವ ಬೆಕ್ಕು. ಎಷ್ಟು ಚೆಂದದ ಪದಗಳು!

ಮಕ್ಕಳಿಗೆ ಈ ಭಾಷೆಯನ್ನು ಏಕೆ ಕಲಿಸಲಿಲ್ಲ ಎಂದು ಕೇಳಿದಾಗ ಮಾತ್ರ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಆಡುವುದೇ ಅನುಮಾನಕ್ಕೆ ಕಾರಣವಾಗಿತ್ತು. 1918ರಲ್ಲಿ ಟೆಕ್ಸಾಸ್ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್‌ನಲ್ಲೇ ಪಾಠ ಮಾಡಬೇಕೆಂಬ ಕಾನೂನು ತಂದಿತು. ‘ಮೌನವನ್ನು ತುಂಬಲು ಹೋಗಬೇಡಿ, ಕಾಯಿರಿ’ ಎಂದು ನಿಮ್ಮಲ್ಲೊಬ್ಬರು ಬರೆದಿದ್ದು ನೆನಪಾಗಿ ಕಾದೆ. ಆಮೇಲೆ ಹೇಳಿದರು: ಅಂಗಡಿಗೆ ಹೋದರೆ ಅವರ ತಾಯಿ ದನಿ ತಗ್ಗಿಸಿಬಿಡುತ್ತಿದ್ದರಂತೆ. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷ್‌ನಲ್ಲಿ ಉತ್ತರಿಸುವ ನನ್ನ ಮಗಳು ಕಣ್ಣ ಮುಂದೆ ಬಂದಳು.

ಈಗ ಆ ಮಾತುಗಳನ್ನು ಅಕ್ಷರಕ್ಕಿಳಿಸುತ್ತಿದ್ದೇನೆ. ಒಂದು ಗಂಟೆಯ ಮಾತಿಗೆ ನನಗೆ ಮೂರು ಸಂಜೆ ಬೇಕು. ಮುಂದಿನ ಶನಿವಾರ ಅಜ್ಜಿಯ ತಮ್ಮನ ಮನೆಗೆ ಹೋಗುತ್ತೇವೆ. ಅವರ ಬಳಿ ಹಳೆಯ ಪತ್ರಗಳ ಪೆಟ್ಟಿಗೆಯೊಂದು ಇದೆಯಂತೆ.