ರೇಂಜ್‌ಫೈಂಡರ್ ಪ್ಯಾಚ್ ಇನ್ಫಿನಿಟಿಯಲ್ಲಿ ಕೂಡುತ್ತಿಲ್ಲ, ಜೊತೆಗೆ ಹ್ಯಾಂಗ್ ಬೇರೆ. ಬಾಡಿ ಕಳಿಸಲೇಬೇಕಾ?

ಕುಕ್ಕರಹಳ್ಳಿ ಕ್ಲಿಕ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ಡಿಜಿಟಲ್ ರೇಂಜ್‌ಫೈಂಡರ್ (ವ್ಯೂಫೈಂಡರಿನಲ್ಲಿ ಕಾಣುವ ಎರಡು ಬಿಂಬಗಳನ್ನು ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾ; ಬಿಂಬ ಕೂಡುವ ನಡುವಿನ ಚೌಕವೇ ಪ್ಯಾಚ್) ಇಟ್ಟುಕೊಂಡವರು ನಮ್ಮ ಕಡೆ ಕಡಿಮೆ ಅಂತ ಗೊತ್ತು. ಆದರೂ ಕೇಳುತ್ತಿದ್ದೇನೆ. ಬ್ರ್ಯಾಂಡ್ ಹೆಸರು ಬೇಡ, ಸುಮ್ನೆ ಜಗಳ ಶುರುವಾಗುತ್ತದೆ. ಎಂ ಮೌಂಟ್ (ಲೆನ್ಸ್ ಕೂರುವ ಬಳೆ) ಬಾಡಿ, ಸಿಮಾಸ್ ಸೆನ್ಸರ್. ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು, ವಾರಂಟಿ ಮುಗಿದಿದೆ. ಲೆನ್ಸ್ 50 ಎಂಎಂ ಎಫ್ 2.

ತೊಂದರೆ ಒಂದು. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಮುಖಗಳನ್ನು ಹತ್ತಿರದಿಂದ ತೆಗೆಯುತ್ತೇನೆ. ಅಲ್ಲಿ ಬೆಳಕು ಕಡಿಮೆ, ಎಫ್ 2 (ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಪೂರ್ತಿ ತೆರೆದು) ಬಿಟ್ಟರೆ ಗತಿಯಿಲ್ಲ. ಪ್ಯಾಚನ್ನು ಕಣ್ಣಿನ ಮೇಲೆ ಸರಿಯಾಗಿ ಕೂಡಿಸಿ ಒತ್ತಿದರೂ ಚಿತ್ರದಲ್ಲಿ ಕಣ್ಣು ಮೆತ್ತಗೆ, ಕಿವಿ ಚೂಪು. ರಾತ್ರಿ ಚಾಮುಂಡಿ ಬೆಟ್ಟದ ದೀಪಗಳನ್ನು ನೋಡಿದರೆ, ಲೆನ್ಸ್ ಇನ್ಫಿನಿಟಿ ಸ್ಟಾಪ್‌ಗೆ (ಅತಿ ದೂರದ ಫೋಕಸ್‌ನ ಕೊನೆಗೆ) ಬಂದು ನಿಂತರೂ ಒಂದೊಂದು ದೀಪ ಎರಡೆರಡು ಕಾಣುತ್ತದೆ. ಪಕ್ಕಕ್ಕೂ ಸರಿದಿದೆ, ಸ್ವಲ್ಪ ಮೇಲಕ್ಕೂ ಸರಿದಿದೆ.

ತೊಂದರೆ ಎರಡು. ಮಧ್ಯೆ ಮಧ್ಯೆ ಹ್ಯಾಂಗ್. ಶಟರ್ ಬಿದ್ದ ಮೇಲೆ ಪರದೆ ಕಪ್ಪು, ಯಾವ ಬಟನ್ನೂ ಕೇಳುವುದಿಲ್ಲ. ಬ್ಯಾಟರಿ ತೆಗೆದು ಹಾಕಿದರೆ ಮತ್ತೆ ಸರಿ.

ಒಂದು ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿದೆ. ಹೊರದೇಶಕ್ಕೆ ಕಳಿಸಬೇಕು, ಬಿಚ್ಚಿ ನೋಡಿದ ಮೇಲೆಯೇ ಎಸ್ಟಿಮೇಟ್, ತಿಂಗಳುಗಟ್ಟಲೆ ಆಗಬಹುದು ಅಂದರು. ಏನು ಕೆಟ್ಟಿದೆ ಅಂತ ಕೇಳಿದರೆ "ಫುಲ್ ಸರ್ವಿಸ್ ಮಾಡಿಸಿಬಿಡಿ ಸರ್" ಅನ್ನುತ್ತಾರೆ. ಇಷ್ಟು ದುಡ್ಡು ಕೊಟ್ಟ ಸಾಮಾನಿಗೆ ಈ ಉತ್ತರ ನೋಡಿ. ಬೇರೆ ದಾರಿ ಇದೆಯಾ?

ಹಳೇ ಹೆಲಿಕಾಯ್ಡ್

ಕಳಿಸುವ ಮಾತು ಆಮೇಲೆ. ನಿಮ್ಮ ಎರಡು ತೊಂದರೆಗೂ ಒಂದಕ್ಕೊಂದು ಸಂಬಂಧ ಇರುವುದು ಅನುಮಾನ. ಒಂದು ಪೂರಾ ಮೆಕ್ಯಾನಿಕಲ್, ಇನ್ನೊಂದು ಎಲೆಕ್ಟ್ರಾನಿಕ್ಸ್. ಎರಡನ್ನೂ ಒಟ್ಟಿಗೆ "ಸರಿಯಿಲ್ಲ" ಅಂತ ಬರೆದು ಕೊಟ್ಟರೆ ಬಿಲ್ ಕೂಡ ಹಾಗೇ ಒಟ್ಟಿಗೆ ಬರುತ್ತದೆ.

ಮೊದಲು ಪ್ಯಾಚ್ ವಿಷಯ. ಮಿರರ್‌ಲೆಸ್ ಕ್ಯಾಮೆರಾ ಫೋಕಸ್ ನೋಡುವುದು ಸೆನ್ಸರ್ ಮೇಲೆಯೇ. ರೇಂಜ್‌ಫೈಂಡರ್ ಹಾಗಲ್ಲ. ಲೆನ್ಸಿನ ಹಿಂದಿರುವ ಕ್ಯಾಮ್ (ಫೋಕಸ್ ತಿರುಗಿಸಿದಂತೆ ಹಿಂದೆ ಮುಂದೆ ಸರಿಯುವ ಲೋಹದ ಅಂಚು) ಬಾಡಿಯೊಳಗಿನ ಒಂದು ಚಿಕ್ಕ ರೋಲರನ್ನು ತಳ್ಳುತ್ತದೆ. ರೋಲರ್ ಒಂದು ತೋಳನ್ನು ಆಡಿಸುತ್ತದೆ. ಆ ತೋಳು ವ್ಯೂಫೈಂಡರ್ ಒಳಗಿನ ಎರಡನೇ ಬಿಂಬವನ್ನು ಸರಿಸುತ್ತದೆ. ಸೆನ್ಸರ್ ಮೇಲೆ ಏನು ಬಿದ್ದಿದೆ ಅಂತ ಈ ಸರಪಳಿಗೆ ಗೊತ್ತೇ ಇಲ್ಲ. ನಡುವೆ ಎಲ್ಲಿ ಸಡಿಲವಾದರೂ ಪ್ಯಾಚ್ ಧೈರ್ಯವಾಗಿ ಸುಳ್ಳು ಹೇಳುತ್ತದೆ. ಫಿಲ್ಮ್ ಕಾಲದಲ್ಲೂ ಹೀಗೆ ಆಗುತ್ತಿತ್ತು. ಆದರೆ ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟಿನಲ್ಲಿ ಯಾರಿಗೆ ಕಾಣುತ್ತೆ? ಈಗ ಎಲ್ಲರೂ ನೂರು ಪರ್ಸೆಂಟ್ ಝೂಮ್ ಮಾಡಿ ನೋಡುತ್ತೇವೆ.

ಹೀಗೆ ಮಾಡಿ. ಸ್ಟ್ಯಾಂಡ್ ಮೇಲೆ ಇಟ್ಟು, ಲೆನ್ಸನ್ನು ಇನ್ಫಿನಿಟಿ ಸ್ಟಾಪ್‌ಗೆ ತಿರುಗಿಸಿ, ಪ್ಯಾಚ್ ನೋಡದೆ ಬೆಟ್ಟದ ದೀಪಗಳ ಫೋಟೋ ಎಫ್ 2ರಲ್ಲಿ ತೆಗೆಯಿರಿ. ದೀಪಗಳು ಚೂಪಾಗಿ ಬಂದರೆ ಲೆನ್ಸ್, ಮೌಂಟ್, ಸೆನ್ಸರ್ ಮೂರೂ ಸರಿ. ಮಧ್ಯಾಹ್ನ ಮಾಡಬೇಡಿ, ಬಿಸಿಲಿನ ಹಬೆಯಲ್ಲಿ ಬೆಟ್ಟವೇ ಅಲ್ಲಾಡುತ್ತದೆ.

ಆಮೇಲೆ ಲೆನ್ಸನ್ನು ಸ್ಟಾಪ್‌ನಿಂದ ಕದಲಿಸದೆ, ಎಷ್ಟು ದೂರದ ವಸ್ತುವಿನ ಮೇಲೆ ಪ್ಯಾಚ್ ತಾನಾಗಿ ಕೂಡುತ್ತದೆ ನೋಡಿ. ಬೀದಿಯ ಲೈಟ್ ಕಂಬಗಳ ಸಾಲು ಇದಕ್ಕೆ ಚೆನ್ನಾಗಿದೆ.

ಕೊನೆಗೆ ಬೇರೆ ಯಾರದ್ದಾದರೂ ಎಂ ಲೆನ್ಸ್ ಹಾಕಿ ಇದನ್ನೇ ಮಾಡಿ. ಅದರಲ್ಲೂ ಇಷ್ಟೇ ತಪ್ಪಿದರೆ ಬಾಡಿ. ಅದು ಸರಿಯಿದ್ದರೆ ನಿಮ್ಮ ಲೆನ್ಸಿನ ಕ್ಯಾಮ್.

ಎರಡನೇ ಲೆನ್ಸ್ ಹಳೇ ಸ್ಕ್ರೂ ಮೌಂಟಿನದ್ದಾದರೆ ಅದನ್ನು ಈ ಪರೀಕ್ಷೆಗೆ ಬಳಸಬೇಡಿ. ಮೌಂಟಿನಿಂದ ಸೆನ್ಸರಿಗೆ ಇರಬೇಕಾದ ದೂರ ಸ್ಕ್ರೂ ಮೌಂಟಿನಲ್ಲಿ 28.8 ಮಿಮೀ, ಎಂ ಮೌಂಟಿನಲ್ಲಿ 27.8. ಅಂದರೆ ಅಡಾಪ್ಟರ್ ಸರಿಯಾಗಿ 1 ಮಿಮೀ ದಪ್ಪ ಇರಬೇಕು. ಅಗ್ಗದ ಅಡಾಪ್ಟರ್‌ಗಳು ಎಷ್ಟಿರುತ್ತವೋ ಆ ದೇವರಿಗೇ ಗೊತ್ತು. ಸೋನಾರ್ ಮಾದರಿಯ ವೇಗದ (ಹೆಚ್ಚು ಬೆಳಕು ಬಿಡುವ) ಲೆನ್ಸೂ ಬೇಡ. ಜೈಸ್ ಸಿ ಸೋನಾರ್ 50 ಎಫ್ 1.5 ಥರದವುಗಳಲ್ಲಿ ಅಪರ್ಚರ್ ಬದಲಿಸಿದರೆ ಫೋಕಸ್ಸೇ ಹಿಂದೆ ಸರಿಯುತ್ತದೆ. ಅದು ಕೆಟ್ಟಿರುವುದಲ್ಲ, ಆ ಡಿಸೈನ್ ಇರುವುದೇ ಹಾಗೆ.

ಹ್ಯಾಂಗ್ ಬಗ್ಗೆ ಒಂದು ಪ್ರಶ್ನೆ. ರಾತ್ರಿ ಉದ್ದ ಎಕ್ಸ್‌ಪೋಷರ್ ಆದ ಮೇಲೆ ಮಾತ್ರ ಆಗುತ್ತದಾ, ಹಗಲಲ್ಲೂ ಆಗುತ್ತದಾ?

ಮಂಡ್ಯ ಮೊನೊ

ಪರಿಹಾರ ಅಲ್ಲ, ಸ್ವಲ್ಪ ಹೊಟ್ಟೆಯುರಿ. ಡಿಜಿಟಲ್ ರೇಂಜ್‌ಫೈಂಡರ್‌ಗಳ ಚರಿತ್ರೆಯೇ ಹೀಗೆ. 2004ರಲ್ಲಿ ಎಪ್ಸನ್ ಆರ್-ಡಿ1 ಬಂತು, ಮೊದಲನೆಯದು, 6 ಮೆಗಾಪಿಕ್ಸೆಲ್. 2006ರಲ್ಲಿ ಲೈಕಾ ಎಂ8 ಬಂತು. ಸೆನ್ಸರ್ ಮುಂದಿನ ಇನ್‌ಫ್ರಾರೆಡ್ ಫಿಲ್ಟರ್ ತೀರಾ ತೆಳು. ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಕೊನೆಗೆ ಕಂಪನಿಯೇ ಪ್ರತಿ ಗಿರಾಕಿಗೆ ಎರಡು ಫಿಲ್ಟರ್ ಪುಕ್ಕಟೆ ಕೊಟ್ಟಿತು. 2009ರಲ್ಲಿ ಎಂ9, ಮೊದಲ ಫುಲ್ ಫ್ರೇಮ್. ಅದರ ಸಿಸಿಡಿ ಸೆನ್ಸರಿನ ಮೇಲಿನ ಗಾಜು ತೇವಕ್ಕೆ ಕೊಳೆಯತೊಡಗಿತು. 2014ರಲ್ಲಿ ಪುಕ್ಕಟೆ ಬದಲಿಸುತ್ತೇವೆ ಅಂದರು. 2017ರ ಆಗಸ್ಟಿನಲ್ಲಿ ಆ ಸೌಲಭ್ಯಕ್ಕೆ ಮಿತಿ ಹಾಕಿದರು. ಆಮೇಲೆ ಬದಲಿ ಸೆನ್ಸರುಗಳ ದಾಸ್ತಾನೇ ಮುಗಿಯಿತು. ಲೈಕಾದ್ದೇ ಹಳೇ ಫಿಲ್ಮ್ ಕ್ಯಾಮೆರಾ ಎಂ3 ಎಪ್ಪತ್ತು ವರ್ಷ ಆದರೂ ಓಡುತ್ತದೆ, ಅದರ ಡಿಜಿಟಲ್ ಮೊಮ್ಮಕ್ಕಳಿಗೆ ಬಿಡಿಭಾಗ ಇಲ್ಲ. ಕ್ಯಾಮೆರಾ ಬಾಡಿಯನ್ನು ಹಿತ್ತಾಳೆಯಲ್ಲಿ ಮಾಡಿ ಏನು ಬಂತು?

ಕುಕ್ಕರಹಳ್ಳಿ ಕ್ಲಿಕ್

ಮಂಡ್ಯ ಅವರೇ, ನಿಮ್ಮ ಹೊಟ್ಟೆಯುರಿಯಲ್ಲಿ ನನ್ನದೂ ಸೇರಿಸಿಕೊಳ್ಳಿ.

ಹೆಲಿಕಾಯ್ಡ್ ಅವರೇ, ಪರೀಕ್ಷೆ ಮಾಡಿದೆ. ಸ್ಟಾಪ್‌ನಲ್ಲಿ ಇಟ್ಟು ತೆಗೆದ ಬೆಟ್ಟದ ದೀಪಗಳು ಚೆನ್ನಾಗಿ ಚೂಪಾಗಿ ಬಂದವು. ಪ್ಯಾಚ್ ಮಾತ್ರ ಸುಮಾರು 30 ಮೀಟರ್ ದೂರದ ಕಂಬದ ಮೇಲೆ ಕೂಡುತ್ತಿದೆ. ಅದರಾಚೆಯದ್ದೆಲ್ಲ ಎರಡಾಗಿ ಕಾಣುತ್ತದೆ. ಸ್ನೇಹಿತರ 35 ಎಂಎಂ ಹಾಕಿದರೂ ಹಾಗೇ. ಅದೂ ನೇಟಿವ್ ಎಂ ಲೆನ್ಸ್, ಅಡಾಪ್ಟರ್ ಇಲ್ಲ.

ಹ್ಯಾಂಗ್ ಎರಡು ಥರ ಇದೆ ಅಂತ ಈಗ ಗಮನಿಸಿದೆ. ಭಾನುವಾರ ಸಂಜೆ ಅರಮನೆ ದೀಪ ಹಾಕಿದಾಗ ಉದ್ದ ಎಕ್ಸ್‌ಪೋಷರ್ ಕೊಟ್ಟರೆ ಆಮೇಲೆ ಕಾಯಿಸುತ್ತದೆ, ತಾನೇ ಸರಿಯಾಗುತ್ತದೆ. ಮಾರುಕಟ್ಟೆಯಲ್ಲಿ ಹಗಲಲ್ಲಿ ಆಗುವುದು ಬೇರೆ. ಅದಕ್ಕೆ ಬ್ಯಾಟರಿ ತೆಗೆಯಲೇಬೇಕು.

ಹಳೇ ಹೆಲಿಕಾಯ್ಡ್

ಹಾಗಾದರೆ ಬಹಳಷ್ಟು ಇತ್ಯರ್ಥ ಆಯಿತು.

ಅರಮನೆ ಮುಂದೆ ಆಗುವುದು ಹ್ಯಾಂಗ್ ಅಲ್ಲ. ಉದ್ದ ಎಕ್ಸ್‌ಪೋಷರ್ ಆದ ಮೇಲೆ ಕ್ಯಾಮೆರಾ ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಫ್ರೇಮ್ ತೆಗೆದು, ನಾಯ್ಸ್ (ಚಿತ್ರದಲ್ಲಿ ಬರುವ ಬೇಡದ ಚುಕ್ಕೆಗಳು) ಕಳೆಯುತ್ತದೆ. 8 ಸೆಕೆಂಡ್ ಕೊಟ್ಟರೆ ಇನ್ನೂ 8 ಸೆಕೆಂಡ್ ಕಾಯಬೇಕು. ಆಗ ಬ್ಯಾಟರಿ ಕಿತ್ತರೆ ಫೈಲ್ ಹೋಗುತ್ತದೆ. ಹಗಲಿನದ್ದು ನಿಜವಾದ ಹ್ಯಾಂಗ್. ಮೊದಲು ಕಾರ್ಡ್ ಬದಲಿಸಿ. ಮೈಕ್ರೋ ಎಸ್‌ಡಿಯನ್ನು ಅಡಾಪ್ಟರ್‌ನಲ್ಲಿ ಹಾಕಿದ್ದರೆ ಈಗಲೇ ತೆಗೆದುಬಿಡಿ. ಒಳ್ಳೆಯ ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಬ್ಯಾಟರಿಯ ಲೋಹದ ಕಾಂಟ್ಯಾಕ್ಟ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಆಮೇಲೆ ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ನೋಡಿ. ಒಂದೊಂದೇ ಬದಲಿಸಿ, ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತಲೇ ತಿಳಿಯುವುದಿಲ್ಲ.

ಈಗ ಪ್ಯಾಚ್. ನೀವು ಹೇಳಿದ 30 ಮೀಟರ್ ಬಹಳ ಉಪಯೋಗಕ್ಕೆ ಬಂತು. ಲೆನ್ಸ್ ಇನ್ಫಿನಿಟಿಯಲ್ಲಿದೆ, ರೇಂಜ್‌ಫೈಂಡರ್ ಅದನ್ನು 30 ಮೀಟರ್ ಅಂದುಕೊಂಡಿದೆ. 50 ಎಂಎಂಗೆ ಲೆಕ್ಕ ಹಾಕಿದರೆ ರೋಲರ್ ಹತ್ತಿರ ವ್ಯತ್ಯಾಸ ಬರುವುದು 0.08 ಮಿಮೀ, ಒಂದು ತಲೆಕೂದಲಿನಷ್ಟು ದಪ್ಪ. ಇದೇ ವ್ಯತ್ಯಾಸ 1 ಮೀಟರ್ ದೂರದಲ್ಲಿ ಫೋಕಸನ್ನು ಸುಮಾರು 3 ಸೆಂಟಿಮೀಟರ್ ಹಿಂದಕ್ಕೆ ತಳ್ಳುತ್ತದೆ. ಅಲ್ಲಿ ಎಫ್ 2ರಲ್ಲಿ ಡೆಪ್ತ್ (ಚೂಪಾಗಿ ಕಾಣುವ ಆಳ) ಇರುವುದೇ ಒಟ್ಟು ನಾಲ್ಕೂವರೆ ಸೆಂಟಿಮೀಟರ್ ಆಸುಪಾಸು. ಅದರಲ್ಲಿ ಅರ್ಧ ಮುಂದೆ, ಅರ್ಧ ಹಿಂದೆ. ಹಾಗಾಗಿ ಕಣ್ಣು ತಪ್ಪಿ ಕಿವಿ ಹತ್ತಿರ ಬಿತ್ತು. ನಿಮ್ಮ ಹೂವಿನವರ ಕಿವಿ, ಬೆಟ್ಟದ ದೀಪ, ಎರಡಕ್ಕೂ ಕಾರಣ ಒಂದೇ.

ಅಂದರೆ ನಿಮಗೆ ಬೇಕಿರುವುದು ಫುಲ್ ಸರ್ವಿಸ್ ಅಲ್ಲ, ರೇಂಜ್‌ಫೈಂಡರ್ ಅಡ್ಜಸ್ಟ್‌ಮೆಂಟ್. ಸರ್ವಿಸ್ ಚೀಟಿಯಲ್ಲಿ ಇದನ್ನೇ ಬರೆಸಿ: "ಇನ್ಫಿನಿಟಿ ಸ್ಟಾಪ್‌ನಲ್ಲಿ ಪ್ಯಾಚ್ 30 ಮೀಟರ್‌ಗೆ ಕೂಡುತ್ತದೆ, ಎರಡು ಲೆನ್ಸಿನಲ್ಲೂ ಹಾಗೇ, ಸೆನ್ಸರ್ ಫೋಕಸ್ ಸರಿಯಿದೆ." ಜೊತೆಗೆ ಪರೀಕ್ಷೆಯ ಫೋಟೋಗಳನ್ನು ಕೊಡಿ. ಇಷ್ಟು ಬರೆದು ಕೊಟ್ಟವರಿಗೆ ಸುಮ್ಮಸುಮ್ಮನೆ ಫುಲ್ ಸರ್ವಿಸ್ ಹಚ್ಚುವುದು ಕಷ್ಟ.

ಅಲ್ಲಿಯವರೆಗೆ ಬೀದಿ ಫೋಟೋಗೆ ಆ 35 ಎಂಎಂ ಸಿಕ್ಕರೆ ಎಫ್ 8, ದೂರ 3 ಮೀಟರ್‌ಗೆ ಇಟ್ಟುಬಿಡಿ. ಸುಮಾರು 1.9 ಮೀಟರ್‌ನಿಂದ 7 ಮೀಟರ್‌ವರೆಗೆ ಸಾಕಷ್ಟು ಚೂಪು ಬರುತ್ತದೆ. ಪ್ಯಾಚ್ ಕಡೆ ನೋಡುವುದೇ ಬೇಡ.

ಸ್ಕ್ರೂ ಸುಬ್ಬ

ಇದಕ್ಕೆ ಇಷ್ಟೆಲ್ಲ ಯಾಕೆ? ಲೆನ್ಸ್ ತೆಗೆದರೆ ಮೌಂಟ್ ಒಳಗೆ ಮೇಲ್ಗಡೆ ರೋಲರ್ ಕಾಣುತ್ತದೆ. ಬಹಳಷ್ಟು ಡಿಜಿಟಲ್ ಎಂ ಬಾಡಿಗಳಲ್ಲಿ ಅದರ ನಡುವೆ 2 ಮಿಮೀ ಅಲೆನ್ ಕೀ ಕೂರುತ್ತದೆ. ಕೂದಲೆಳೆಯಷ್ಟು ತಿರುಗಿಸಿ, ಲೆನ್ಸ್ ಹಾಕಿ ನೋಡಿ, ಮತ್ತೆ ತಿರುಗಿಸಿ. ಸಂಜೆ ಕಾಫಿ ಮುಗಿಯೋದರೊಳಗೆ ಕೆಲಸ ಆಗುತ್ತದೆ.

ಹಳೇ ಹೆಲಿಕಾಯ್ಡ್

ಸುಬ್ಬ ಅವರೇ, ನೀವು ಹೇಳಿದ್ದು ಇನ್ಫಿನಿಟಿಗೆ ನಿಜ. ಆದರೆ ಹತ್ತಿರದ ದೂರಕ್ಕೆ ಬೇರೆ ಅಡ್ಜಸ್ಟ್‌ಮೆಂಟ್ ಇದೆ, ಅದು ತೋಳಿನ ಉದ್ದ ಬದಲಿಸುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದೂ ಸರಿಯುತ್ತದೆ. ಇನ್ಫಿನಿಟಿ, 1 ಮೀಟರ್, ಮತ್ತೆ ಇನ್ಫಿನಿಟಿ ಅಂತ ಹಿಂದೆ ಮುಂದೆ ಓಡಾಡುತ್ತಿರಬೇಕು. ಕೆಳಗೆ ಶಟರ್ ಪರದೆಗೆ ಯಾವ ಮರೆಯೂ ಇರುವುದಿಲ್ಲ, ಕೀ ಜಾರಿದರೆ ಮುಗಿಯಿತು. ಮೇಲೆ ಕೆಳಗೆ ಸರಿದಿರುವುದಕ್ಕಂತೂ ಬಾಡಿಯ ಮುಂಭಾಗದ ಮುಚ್ಚಳ ಬಿಚ್ಚಬೇಕು. ಅದು ಫೋಕಸನ್ನು ಕೆಡಿಸುವುದಿಲ್ಲ, ಕಣ್ಣಿಗೆ ಕಿರಿಕಿರಿ ಅಷ್ಟೇ. ಅದಕ್ಕಾಗಿ ದುಡ್ಡು ಸುರಿಯುವುದು ನನ್ನ ಪ್ರಕಾರ ದಂಡ.

ಕೈ ನಡುಗದವರು, ವಾರಂಟಿ ಇಲ್ಲದವರು ಇನ್ಫಿನಿಟಿ ಮಟ್ಟಿಗೆ ಮಾಡಿಕೊಳ್ಳಲಿ. ಬೇಡ ಅನ್ನುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಬಾಡಿಯ ಮೇಲೆ ಮೊದಲ ಪಾಠ ಮಾತ್ರ ಬೇಡ.

ಸ್ಕ್ರೂ ಸುಬ್ಬ

ಎಲ್ಲರೂ ಎಲ್ಲೋ ಒಂದು ಕಡೆ ಮೊದಲ ಪಾಠ ಕಲಿಯಲೇಬೇಕಲ್ಲ ಸ್ವಾಮಿ.

ಪಾರ್ಸೆಲ್ ಪುರಾಣ

ಹೊರದೇಶಕ್ಕೆ ಕಳಿಸುವ ಪರಿಸ್ಥಿತಿ ಬಂದರೆ ಇದೊಂದು ಓದಿಕೊಳ್ಳಿ. ರಿಪೇರಿಗೆ ಹೋಗಿ ವಾಪಸ್ ಬರುವ ವಸ್ತುವಿಗೆ ಕಸ್ಟಮ್ಸ್‌ನಲ್ಲಿ ಬೇರೆ ಲೆಕ್ಕ ಇದೆ. ಕಸ್ಟಮ್ಸ್ ಅಧಿಸೂಚನೆಯ ಪ್ರಕಾರ ಸುಂಕ ಬೀಳುವುದು ಕ್ಯಾಮೆರಾದ ಪೂರ್ತಿ ಬೆಲೆಯ ಮೇಲಲ್ಲ. ರಿಪೇರಿ ಖರ್ಚು, ಹೋಗಿ ಬರುವ ಸಾಗಣೆ, ವಿಮೆ, ಇಷ್ಟರ ಮೇಲೆ. ಪುಕ್ಕಟೆ ರಿಪೇರಿ ಆದರೂ ನ್ಯಾಯವಾದ ರಿಪೇರಿ ಬೆಲೆ ತೋರಿಸಬೇಕು. ಗೊತ್ತುಪಡಿಸಿದ ಅವಧಿಯೊಳಗೆ ವಾಪಸ್ ಬರಬೇಕು.

ಆದರೆ ಹೋದದ್ದೂ ಬಂದದ್ದೂ ಅದೇ ಕ್ಯಾಮೆರಾ ಅಂತ ತೋರಿಸುವುದು ನಿಮ್ಮ ಜವಾಬ್ದಾರಿ. ಕಳಿಸುವಾಗಲೇ ಎಕ್ಸ್‌ಪೋರ್ಟ್ ಕಾಗದದಲ್ಲಿ "ರಿಪೇರಿಗಾಗಿ" ಅಂತ, ಸೀರಿಯಲ್ ನಂಬರ್ ಸಮೇತ, ಇರಬೇಕು. ಕೊರಿಯರಿನವರು ಸುಮ್ಮನೆ ಗಿಫ್ಟ್ ಅಂತಲೋ ಸ್ಯಾಂಪಲ್ ಅಂತಲೋ ಬರೆದು ಕಳಿಸಿದರೆ ವಾಪಸ್ ಬರುವಾಗ ಹೊಸ ಕ್ಯಾಮೆರಾದ ಸುಂಕ ಕೇಳುತ್ತಾರೆ. ಯಾರಾದರೂ ನೆಂಟರು ಕೈಯಲ್ಲಿ ಒಯ್ಯುವುದಾದರೆ ವಿಮಾನ ಹತ್ತುವ ಮುಂಚೆ ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಲಿ. ಪಾರ್ಸೆಲ್‌ನಲ್ಲಿ ಬ್ಯಾಟರಿ ಇಡಬೇಡಿ. ಲಿಥಿಯಂ ಅಂದರೆ ಅರ್ಧ ದಾರಿಯಲ್ಲಿ ತಡೆಯುತ್ತಾರೆ.

ಕುಕ್ಕರಹಳ್ಳಿ ಕ್ಲಿಕ್

ಈಗಿನ ಸ್ಥಿತಿ ಹೇಳುತ್ತೇನೆ. ಕಾರ್ಡ್ ಬದಲಿಸಿದ ಮೇಲೆ ಹಗಲಿನ ಹ್ಯಾಂಗ್ ಇಲ್ಲಿಯವರೆಗೆ ಬಂದಿಲ್ಲ. ಫರ್ಮ್‌ವೇರ್ ಮುಟ್ಟಿಲ್ಲ. ಹಳೇ ಕಾರ್ಡ್ ಬೇರೆ ಕ್ಯಾಮೆರಾದಲ್ಲಿ ಚೆನ್ನಾಗೇ ಓಡುತ್ತಿದೆ, ಅದೇ ವಿಚಿತ್ರ.

ಪ್ಯಾಚ್‌ಗೆ ಹೊರದೇಶ ಬಿಟ್ಟೆ. ಬೆಂಗಳೂರಿನಲ್ಲಿ ಹಳೇ ಫಿಲ್ಮ್ ರೇಂಜ್‌ಫೈಂಡರ್ ರಿಪೇರಿ ಮಾಡುವ ಒಬ್ಬರು ಸಿಕ್ಕರು. ನೀವು ಹೇಳಿಕೊಟ್ಟ ವಾಕ್ಯವನ್ನೇ ಬರೆದು ಕೊಟ್ಟೆ. ಅವರು ಬೇರೇನೂ ಕೇಳಲಿಲ್ಲ, ನನ್ನ ಮುಂದೆಯೇ ಕೂತು ಮಾಡಿದರು. ಈಗ ಬೆಟ್ಟದ ದೀಪ ಒಂದೇ ಕಾಣುತ್ತದೆ. 1 ಮೀಟರ್‌ನಲ್ಲಿ ಕಣ್ಣು ಚೂಪಾಗಿದೆ. 0.7 ಮೀಟರ್‌ಗೆ ಹೋದರೆ ಈಗ ಸ್ವಲ್ಪ ಮುಂದೆ ಬೀಳುತ್ತಿದೆ, ಮೂಗಿನ ಹತ್ತಿರ. ಮೇಲೆ ಕೆಳಗಿನ ಸರಿಯುವಿಕೆ ಹಾಗೇ ಬಿಡಿ ಅಂದೆ.

ಹಳೇ ಹೆಲಿಕಾಯ್ಡ್

0.7ರಲ್ಲಿ ಮುಂದೆ ಬೀಳುವುದು ತೋಳಿನ ಅಡ್ಜಸ್ಟ್‌ಮೆಂಟ್, ಇಲ್ಲವೇ ಲೆನ್ಸೇ. ಮತ್ತೆ ಬಿಚ್ಚಿಸುವ ಮುಂಚೆ ಆ 35 ಹಾಕಿ 0.7ರಲ್ಲಿ ಒಂದು ನೋಡಿ. ಅದರಲ್ಲಿ ಡೆಪ್ತ್ ಜಾಸ್ತಿ, ಹಾಗಾಗಿ ಸ್ಕೇಲನ್ನು ಓರೆಯಾಗಿಟ್ಟು ತೆಗೆಯಿರಿ, ಬರೀ ಮುಖದ ಫೋಟೋ ನೋಡಿ ತೀರ್ಮಾನಿಸಬೇಡಿ. ಅದರಲ್ಲಿ ಸರಿ ಬಂದರೆ ಬಾಡಿಯನ್ನು ಇನ್ನು ಯಾರ ಕೈಗೂ ಕೊಡಬೇಡಿ.

ಮಂಡ್ಯ ಮೊನೊ

ಆ ಬೆಂಗಳೂರಿನವರು ಎಂ9 ಮುಟ್ಟುತ್ತಾರಾ? ನನ್ನದು ಎಫ್ 16ರಲ್ಲಿ ಆಕಾಶ ತೆಗೆದರೆ ಚುಕ್ಕೆಗಳು ಕಾಣುತ್ತಿವೆ. ಬ್ಲೋವರ್‌ಗೆ ಹೋಗುತ್ತಿಲ್ಲ. ಒಂದೊಂದು ಚುಕ್ಕೆಯ ಸುತ್ತ ಬಿಳಿ ಉಂಗುರ ಬೇರೆ.

ಹಳೇ ಹೆಲಿಕಾಯ್ಡ್

ಉಂಗುರ ಇದ್ದರೆ ಧೂಳಲ್ಲ, ನೀವೇ ಹೇಳಿದ ಆ ಸೆನ್ಸರ್ ಗಾಜಿನ ಕೊಳೆತ ಇರಬಹುದು. ಒದ್ದೆ ಸ್ವ್ಯಾಬ್ ಹಾಕಿ ಉಜ್ಜಬೇಡಿ. ಹೊಸದಾಗಿ ಇನ್ನೊಂದು ಥ್ರೆಡ್ ತೆಗೆದು ಫೋಟೋ ಹಾಕಿ, ನೋಡೋಣ.