ಎಲ್ಲರೂ ಒಂದೇ ದಿನ ಸಿಎಲ್ (ಸಾಂದರ್ಭಿಕ ರಜೆ) ಹಾಕಿದರೆ ಅದು ಮುಷ್ಕರ ಆಗುತ್ತದಾ?

ಪೀಣ್ಯ ಫಿಟ್ಟರ್:
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ಕೆಲಸಗಾರರು 212 ಜನ, ಯೂನಿಯನ್‌ನಲ್ಲಿ 160 ಜನ ಇದ್ದೇವೆ. ನಾನು ಕಮಿಟಿ ಮೆಂಬರ್. ನೆಲಮಂಗಲ, ದಾಬಸ್‌ಪೇಟೆ ಕಡೆಯವರಿಗೆ 11 ವರ್ಷದಿಂದ ಕಂಪನಿ ಬಸ್ ಇದೆ. ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿ, ಮುಂದಿನ ಒಂದನೇ ತಾರೀಖಿನಿಂದ ಬಸ್ ಇರುವುದಿಲ್ಲ, ಹೇಗೂ ಮೆಟ್ರೋ ಇದೆಯಲ್ಲ ಅಂದುಬಿಟ್ಟರು. ಮೆಟ್ರೋ ಹೋಗುವುದು ಮಾದಾವರದವರೆಗೆ. ಸೆಕೆಂಡ್ ಶಿಫ್ಟ್ ಮುಗಿಸಿ ಅಲ್ಲಿ ಇಳಿದವನು ದಾಬಸ್‌ಪೇಟೆಗೆ ನಡೆದುಕೊಂಡು ಹೋಗಬೇಕಾ? ಹುಡುಗರು ಸಿಟ್ಟಾಗಿದ್ದಾರೆ. ಮುಷ್ಕರ ಬೇಡ, ಸೋಮವಾರ ಎಲ್ಲರೂ ಸಿಎಲ್ ಹಾಕೋಣ, ಸಿಎಲ್ ನಮ್ಮ ಹಕ್ಕು ಅಲ್ವಾ ಅಂತಿದ್ದಾರೆ. ಹೊಸ ಕಾರ್ಮಿಕ ಕೋಡ್ ಬಂದ ಮೇಲೆ ಇದು ನಡೆಯುತ್ತದಾ? ಗೊತ್ತಿದ್ದವರು ಹೇಳಿ.

ಮಾಜಿ ಎಚ್‌ಆರ್:
ದಯವಿಟ್ಟು ಹಾಕಬೇಡಿ. ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಮಾತಾಡಿಕೊಂಡು ಒಂದೇ ದಿನ ಸಿಎಲ್ ಹಾಕಿದರೆ ಅದೂ ಮುಷ್ಕರವೇ ಅಂತ ಅದರಲ್ಲಿ ಸೇರಿಸಿದ್ದಾರೆ. ನಿಮ್ಮಲ್ಲಿ 106 ಜನ ಆದರೆ ಸಾಕು. ಮುಷ್ಕರ ಅಂದ ಮೇಲೆ ನೋಟಿಸ್ ಕೊಡಬೇಕು, ಕೊಟ್ಟು 14 ದಿನ ಕಾಯಬೇಕು. ಹಿಂದೆ ಇದು ನೀರು, ಕರೆಂಟ್‌ನಂಥ ಸಾರ್ವಜನಿಕ ಸೇವೆಗಳಿಗಷ್ಟೇ ಇತ್ತು, ಈಗ ಎಲ್ಲ ಕಾರ್ಖಾನೆಗೂ ಇದೆ. ಮೀರಿದರೆ ಕೆಲಸಗಾರನಿಗೆ 1,000ದಿಂದ 10,000 ರೂಪಾಯಿ ದಂಡ, ಇಲ್ಲವೇ ಒಂದು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕುಮ್ಮಕ್ಕು ಕೊಟ್ಟವರಿಗೆ ದಂಡ 10,000ದಿಂದ 50,000. ಕಮಿಟಿ ಮೆಂಬರ್ ಅಂದಿರಲ್ಲ, ಮೊದಲು ಹುಡುಕುವುದು ನಿಮ್ಮನ್ನೇ. ಗ್ರೂಪ್‌ನಲ್ಲಿ "ಸೋಮವಾರ ಎಲ್ಲರೂ" ಅಂತ ಏನಾದರೂ ಹಾಕಿದ್ದೀರಾ? ನಾನು ಆ ಕಡೆ ಕೂತಿದ್ದಾಗ ಮೊದಲು ಎತ್ತಿಡುತ್ತಿದ್ದದ್ದು ಸ್ಕ್ರೀನ್‌ಶಾಟ್.

ಒಂದು ಗೊತ್ತಿರಲಿ, ಲಾಕೌಟ್‌ಗೂ ಇದೇ 14 ದಿನದ ನಿಯಮ. ಮಾಲೀಕರೂ ರಾತ್ರೋರಾತ್ರಿ ಗೇಟಿಗೆ ಬೀಗ ಹಾಕುವಂತಿಲ್ಲ.

ಲೇತ್ ಮಾಸ್ಟರ್:
ಹಾಗಾದರೆ 105 ಜನ ಹಾಕಿ. ಲೆಕ್ಕ ಮುಗೀತು.

ಹಳೇ ಕಮಿಟಿ:
105 ಅಂತ ಎಣಿಸಿಕೊಂಡು ಕೂತರೆ ಆವತ್ತೇ ಯಾರಿಗೋ ಜ್ವರ ಬರುತ್ತದೆ. ಅದೂ ಅಲ್ಲದೆ, ಸರಿಯಾದ ಕಾರಣ ಇಲ್ಲದೆ, ನೋಟಿಸ್ ಕೊಡದೆ 10 ಜನ ಒಟ್ಟಿಗೆ ಗೈರಾದರೆ 8 ದಿನದವರೆಗೆ ಸಂಬಳ ಹಿಡಿಯಬಹುದು, ನೇಮಕದ ಷರತ್ತಿನಲ್ಲಿ ಹಾಗೆ ಬರೆದಿದ್ದರೆ. ಇದು ಹಳೇ ಕಾಯ್ದೆಯಲ್ಲೂ ಇತ್ತು, ವೇತನ ಸಂಹಿತೆಯಲ್ಲೂ ಇದೆ.

ಆದರೆ ತಮ್ಮಾ, ಎಲ್ಲರೂ ನಿಮ್ಮ ತಪ್ಪನ್ನೇ ತೂಗುತ್ತಿದ್ದಾರೆ, ಮ್ಯಾನೇಜ್‌ಮೆಂಟ್ ಮಾಡಿದ್ದನ್ನು ಯಾರೂ ನೋಡಲಿಲ್ಲ. ರೂಢಿಯಿಂದ ಬಂದ ಸೌಲಭ್ಯ ತೆಗೆಯಬೇಕಾದರೆ 21 ದಿನ ಮೊದಲು ನೋಟಿಸ್ ಕೊಡಬೇಕು. ಹಳಬರು ಇದನ್ನು 9ಎ ನೋಟಿಸ್ ಅಂತಿದ್ದೆವು, ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಯ ಸೆಕ್ಷನ್ 40. ವಾಟ್ಸಾಪ್ ಮೆಸೇಜ್ ಆ ನೋಟಿಸ್ ಅಲ್ಲ. ಈಗಲೇ ಯೂನಿಯನ್ ಲೆಟರ್‌ಹೆಡ್‌ನಲ್ಲಿ ಆಕ್ಷೇಪಣೆ ಬರೆದು, ಒಂದು ಪ್ರತಿ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಕೊಟ್ಟು, ವಿವಾದ ಎತ್ತಿ. ಬಸ್ ನಿಲ್ಲುವ ಮೊದಲು ಅಂದೆ, ನಿಂತ ಮೇಲೆ ಅಲ್ಲ. ಅಧಿಕಾರಿ ಮೊದಲ ಸಭೆ ನಡೆಸಿದ ದಿನದಿಂದ ಸಂಧಾನ ಶುರು ಅಂತ ಲೆಕ್ಕ. ಆಮೇಲೆ ಆ ವಿವಾದಕ್ಕೆ ಸೇರಿದ ಷರತ್ತನ್ನು ಲಿಖಿತ ಅನುಮತಿ ಇಲ್ಲದೆ ಕೆಲಸಗಾರರಿಗೆ ನಷ್ಟ ಆಗುವಂತೆ ಬದಲಾಯಿಸುವಂತಿಲ್ಲ. ಅಷ್ಟರಲ್ಲಿ ಬಸ್ ನಿಂತೇ ಹೋಗಿದ್ದರೆ "ಈಗಿರುವ ಸ್ಥಿತಿ" ಅಂದರೆ ಬಸ್ ಇಲ್ಲದ ಸ್ಥಿತಿ ಅಂತ ವಾದ ಮಾಡುತ್ತಾರೆ. ಸಂಧಾನ ನಡೆಯುವಾಗ ನೀವೂ ಮುಷ್ಕರ ಮಾಡುವಂತಿಲ್ಲ, ಅದು ನೆನಪಿರಲಿ.

ಮಾಜಿ ಎಚ್‌ಆರ್:
ಹಳೇ ಕಮಿಟಿ ಸರ್ ಹೇಳಿದ್ದು ಸರಿ. ಆದರೆ ಕಂಪನಿ ಏನು ಹೇಳುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ: ಬಸ್ಸು ಸೇವಾ ಷರತ್ತೇ ಅಲ್ಲ, ನಾವು ಒಳ್ಳೇ ಮನಸ್ಸಿನಿಂದ ಕೊಟ್ಟದ್ದು. ಹಾಗಾಗಿ ಹಿಂದಿನ 12(3) ಅಗ್ರಿಮೆಂಟ್, ಅಂದರೆ ಸಂಧಾನಾಧಿಕಾರಿ ಮುಂದೆ ಆದ ಒಪ್ಪಂದ, ತೆಗೆದು ನೋಡಿ. ಬಸ್ ಬಗ್ಗೆ ಒಂದು ಸಾಲು ಸಿಕ್ಕರೂ ಅವರ ಮಾತು ನಿಲ್ಲುವುದು ಕಷ್ಟ.

ಟೈಲರ್ ಅಕ್ಕ:
ನೀವೆಲ್ಲ ಕಾಗದದ ಮಾತೇ ಆಡುತ್ತೀರಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗೆ ಇಳಿದಾಗ ಯಾರು ನೋಟಿಸ್ ಕೊಟ್ಟಿದ್ದರು? ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಲಾಠಿ ಏಟೂ ಬಿತ್ತು, ಕೇಸೂ ಬಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಅದು ಸಾವಿರಾರು ಜನ. ನೀವು 212 ಜನ, ಹೆಸರು ಸಮೇತ ಸಿಕ್ಕಿಬೀಳುತ್ತೀರಿ. ನೀವು ಕಾಗದವನ್ನೇ ಹಿಡಿಯಿರಿ.

ಪೀಣ್ಯ ಫಿಟ್ಟರ್:
ಎಲ್ಲರಿಗೂ ಥ್ಯಾಂಕ್ಸ್. ಬೀರುವಿನಲ್ಲಿದ್ದ ಹಳೇ ಫೈಲೆಲ್ಲ ತೆಗೆಸಿದೆವು. ಅಗ್ರಿಮೆಂಟ್‌ನಲ್ಲಿ ಬಸ್ ಅನ್ನುವ ಪದವೇ ಇಲ್ಲ. ಆದರೆ ಕೊನೇ ಪುಟದಲ್ಲಿ "ಈಗಿರುವ ಇತರ ಸೌಲಭ್ಯಗಳು ಹಾಗೆಯೇ ಮುಂದುವರಿಯುತ್ತವೆ" ಅಂತ ಒಂದು ಸಾಲು ಇದೆ. ಸಿಎಲ್ ಪ್ಲಾನ್ ಕೈಬಿಟ್ಟೆವು, ಇಬ್ಬರು ಹುಡುಗರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಪತ್ರ ಕೊಡುತ್ತೇವೆ.

ಹಳೇ ಕಮಿಟಿ:
ಪ್ರತಿಯ ಮೇಲೆ ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಗೇಟಿನಲ್ಲಿ ಜಗಳಕ್ಕೆ ನಿಲ್ಲಬೇಡಿ, ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಜೋಪಾನ.