ಪದಚರ್ಚೆ: ಕಾಗದದ ಸಿಪಾಯಿಗೆ ಏನನ್ನೋದು? ಮತ್ತೆ ಈ ‘ಗೀಚು’, ‘ಗೀರು’ ವಿಷ್ಯ

ಎಲ್ರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ, ಅದಕ್ಕೆ ಹಿನ್ನೆಲೆ ಹೇಳ್ಬಿಡ್ತೀನಿ. ಊಟದ ಟೇಬಲ್ ಮೇಲೆ ಪುಟ್ಟ ಸೈನಿಕರನ್ನ ನಿಲ್ಸಿ, ಅಳತೆ ಟೇಪು ಹಿಡ್ಕೊಂಡು, ದಾಳ ಉರುಳಿಸಿ ಆಡೋ ವಾರ್‌ಗೇಮ್ ಹುಚ್ಚು ನಂಗೆ. ಲೋಹದ್ದು ಪ್ಲಾಸ್ಟಿಕ್ಕಿಂದು ತರಿಸಿ ಒಂದೊಂದಕ್ಕೂ ಬಣ್ಣ ಬಳಿಯೋಕೆ ದುಡ್ಡೂ ಇಲ್ಲ ತಾಳ್ಮೆನೂ ಇಲ್ಲ, ಹಾಗಾಗಿ ಕಾಗದದ್ದೇ ಗತಿ: ಪ್ರಿಂಟ್ ಹಾಕಿ, ತಲೆ ಹತ್ರ ಮಡಚಿ, ಅಂಟಿಸಿ ಕತ್ತರಿಸಿದ್ರೆ ಒಂದು ಕಡೆ ಎದೆ ಇನ್ನೊಂದು ಕಡೆ ಬೆನ್ನು ಇರೋ ಚಪ್ಪಟೆ ಸಿಪಾಯಿ ರೆಡಿ. ಇದು ಇಂಟರ್‌ನೆಟ್ ಕಾಲದ ಐಡಿಯಾ ಏನಲ್ಲ, 18ನೇ ಶತಮಾನದಲ್ಲೇ ಸ್ಟ್ರಾಸ್‌ಬೋರ್ಗಿನ ಕಾಗದದ ಸಿಪಾಯಿಗಳು ಹೆಸರುವಾಸಿ, ಫ್ರಾನ್ಸಿನ ಎಪಿನಾಲ್ ಊರಲ್ಲಿ 1796ರಲ್ಲಿ ಶುರುವಾದ ಪೆಲ್ಲರಾಂ ಮುದ್ರಣಾಲಯದೋರೂ ಇಂಥ ಹಾಳೆ ರಾಶಿ ರಾಶಿ ಅಚ್ಚು ಹಾಕ್ತಿದ್ರು.

ಈಗ ಅಕ್ಕನ ಮಗ, ಹತ್ತು ವರ್ಷದೋನು, ನಂಗೂ ಮಾಡೋದು ಹೇಳ್ಕೊಡು ಮಾಮ ಅಂದ. ಅವ್ನು ಕನ್ನಡ ಮೀಡಿಯಂ, ಸರಿ ಅಂತ ಒಂದು ಪುಟದ ಸೂಚನೆ ಕನ್ನಡದಲ್ಲೇ ಬರೆದುಕೊಟ್ಟೆ. ಅಲ್ಲೇ ಎಡವಟ್ಟಾಗಿದ್ದು. 200 ಜಿಎಸ್‌ಎಂ ಶೀಟನ್ನ, ಅಂದ್ರೆ ಸ್ವಲ್ಪ ದಪ್ಪ ಕಾಗದನ, ಹಾಗೇ ಮಡಚಿದ್ರೆ ಮಡಿಸಿದ ಕಡೆ ಇಂಕು ಬಿರಿದು ಒಳಗಿನ ಬಿಳಿ ಕಾಣುತ್ತೆ, ಅದಕ್ಕೆ ಮೊದ್ಲು ಸ್ಕೇಲ್ ಇಟ್ಟು ಇಂಕು ಮುಗಿದ ರೀಫಿಲ್‌ನಿಂದ ಒತ್ತಿ ಒಂದು ಸಣ್ಣ ತಗ್ಗು ಮಾಡ್ಕೋಬೇಕು. ಇಂಗ್ಲಿಷ್‌ನೋರು ಇದಕ್ಕೆ ಸ್ಕೋರ್ ಮಾಡೋದು ಅಂತಾರೆ. ನಾನು ‘ಚುಕ್ಕೆ ಗೆರೆಗಳ ಮೇಲೆ ಗೀಚಿ’ ಅಂತ ಬರೆದೆ. ಹುಡುಗ ನಿಯತ್ತಾಗಿ ನೀಲಿ ಬಾಲ್‌ಪೆನ್ ತಗೊಂಡು ಹನ್ನೆರಡೂ ಸಿಪಾಯಿಗಳ ತಲೆ ಮೇಲೆ ಗೀಚಿ ಇಟ್ಟಿದ್ದ! ತಪ್ಪು ನಂದೇ, ಗೀಚೋದು ಅಂದ್ರೆ ಅದೇ ತಾನೆ. ಮುಂದಿನ ಸಲ ‘ಗೀರಿ’ ಅಂತ ತಿದ್ದಿದೆ, ಬ್ಲೇಡ್ ತಗೊಂಡು ಗೀರಿದ, ತಲೆಗಳು ಕೈಗೆ ಬಂದ್ವು. ಆಮೇಲೆ ಮದುವೆ ಕಾರ್ಡ್ ಪ್ರೆಸ್‌ನೋರನ್ನ ಕೇಳಿದ್ರೆ ‘ಕ್ರೀಸ್ ಹೊಡೆಯೋದು ಸಾರ್’ ಅಂದ್ರು. ಚೆನ್ನಾಗೇ ಇದೆ, ಆದ್ರೆ ಅದು ಮೆಷಿನ್ನಿನ ಮಾತು, ರೀಫಿಲ್‌ನಿಂದ ಮಾಡೋದಕ್ಕೆ ಸ್ವಲ್ಪ ಭಾರ ಆಯ್ತು ಅನ್ಸುತ್ತೆ.

ಎರಡನೇದು ಹೆಸರು. ‘ಕಾಗದದ ಮಾದರಿ’ ಅಂದ್ರೆ ಪ್ರಶ್ನೆಪತ್ರಿಕೆ ನೆನಪಾಗುತ್ತೆ. ಮಿನಿಯೇಚರ್‌ಗೆ ‘ಚಿಕಣಿ’ ಅನ್ನಬಹುದು ಅಂತ ಒಬ್ರು ಸ್ನೇಹಿತರು ಹೇಳಿದ್ರು, ಆದ್ರೆ ಚಿಕಣಿ ಅಂದ್ರೆ ನಮಗೆ ಚಿತ್ರನೇ, ಟೇಬಲ್ ಮೇಲೆ ನಿಲ್ಲೋ ಬೊಂಬೆ ಅಲ್ಲ. ತಮಾಷೆ ಅಂದ್ರೆ ಆ ಮಿನಿಯೇಚರ್‌ಗೂ ಮೊದ್ಲು ಸಣ್ಣದು ಅನ್ನೋ ಅರ್ಥ ಇರ್ಲಿಲ್ಲ, ಅದು ಲ್ಯಾಟಿನ್ನಿನ ಮಿನಿಯಂ ಅಂದ್ರೆ ಸೀಸದ ಕೆಂಪು ಬಣ್ಣ, ನಮ್ಮ ಸಿಂಧೂರ, ಅದರಿಂದ ಬಂದಿದ್ದು. ಹಸ್ತಪ್ರತಿಗಳಲ್ಲಿ ಆ ಬಣ್ಣದಲ್ಲಿ ಬರೀತಿದ್ದ ಚಿತ್ರಗಳು ಚಿಕ್ಕವಾಗಿದ್ದಕ್ಕೆ, ಜೊತೆಗೆ ಮಿನಿಮಂ ಥರದ ಪದಗಳ ಸಹವಾಸಕ್ಕೆ, ಅರ್ಥವೇ ಸಣ್ಣದು ಅಂತ ತಿರುಗಿಬಿಡ್ತು.

ನಂಗೆ ಹೊಳೆದಿದ್ದು ‘ರಟ್ಟಾಳು’. ಕಾಲಾಳು ಇದ್ದ ಹಾಗೆ ರಟ್ಟಿನ ಆಳು. ಮನೇಲಿ ಹೇಳಿದ್ರೆ ‘ಏನ್ರೀ ರಟ್ಟಾಯ್ತು, ಯಾವ ಗುಟ್ಟು?’ ಅಂತ ನಗ್ತಾಳೆ. ‘ರಟ್ಟುಗೊಂಬೆ’ ಅಂದ್ರೆ ಆ ತೊಂದ್ರೆ ಇಲ್ಲ, ತೊಗಲುಗೊಂಬೆ ಪಕ್ಕದಲ್ಲಿ ಚೆನ್ನಾಗಿ ಕೂರುತ್ತೆ, ಅದೂ ಚಪ್ಪಟೆ ಇದೂ ಚಪ್ಪಟೆ. ಆದ್ರೆ ಗೊಂಬೆ ಅಂದ್ರೆ ಕುದುರೆ, ಫಿರಂಗಿ ಎಲ್ಲಾ ಬಂತು, ನಂಗೆ ಬೇಕಿರೋದು ಆಳು.

ಉಳಿದವು ಹೆಚ್ಚು ಕಾಟ ಕೊಡ್ಲಿಲ್ಲ. ಗುಂಡಿಂದ ತಪ್ಪಿಸ್ಕೊಳ್ಳೋ ಕವರ್‌ಗೆ ‘ಮರೆ’ ಇದೆ, ಗೋಡೆ ಮರೇಲಿ ಇದ್ದೀಯ ಅಂದ್ರೆ ಮಗುಗೂ ಗೊತ್ತಾಗುತ್ತೆ. ಅಂಟು ಹಚ್ಚೋಕೆ ಅಂತ ಹೊರಗೆ ಚಾಚಿರೋ ತುಂಡಿಗೆ ನಾನು ‘ಅಂಟುಪಟ್ಟಿ’ ಅಂತ ಬರೆದಿದ್ದೆ, ಹುಡುಗ ಅದನ್ನ ‘ಕಿವಿ’ ಅಂದ, ನಂದನ್ನ ಹೊಡೆದು ಹಾಕಿದೆ. ಕಾಲಡಿಯ ದುಂಡನೇ ಬೇಸ್‌ಗೆ ‘ಬಿಲ್ಲೆ’. 28 ಮಿ.ಮೀ. ಎತ್ತರದ ಆಳಿಗೆ ಸಾಮಾನ್ಯವಾಗಿ 25 ಮಿ.ಮೀ. ಬಿಲ್ಲೆ, ಅದರ ಕೆಳಗೆ ಭಾರಕ್ಕೆ ಒಂದು ಕಬ್ಬಿಣದ ವಾಷರ್ ಅಂಟಿಸ್ಲೇಬೇಕು, ಇಲ್ದಿದ್ರೆ ಗಾಳಿಗೆ ಬಿದ್ದೋಗುತ್ತೆ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಇಂಥ ಆಟಕ್ಕೆ ಬರೆದ ನಿಯಮದಲ್ಲಿ ಆಟಿಕೆ ಫಿರಂಗಿಯಿಂದ ನಿಜವಾಗ್ಲೂ ಹೊಡೆದು ಎದುರಾಳಿ ಸೈನಿಕರನ್ನ ಬೀಳಿಸ್ಬೇಕಿತ್ತು, ನಮ್ಮನೇಲಿ ಫ್ಯಾನ್ ಎರಡನೇ ಪಾಯಿಂಟ್‌ಗೆ ಇಟ್ರೆ ಎರಡೂ ಕಡೆ ದಂಡು ಮಕಾಡೆ.

ಮಡಿಕೆಗಳದ್ದು ಮಾತ್ರ ಇನ್ನೂ ಅನುಮಾನ. ಮೇಲಕ್ಕೆ ಏಳೋ ಹಾಗೆ ಮಡಚೋದು, ಒಳಕ್ಕೆ ಇಳಿಯೋ ಹಾಗೆ ಮಡಚೋದು, ಇವೆರಡನ್ನ ಒರಿಗಾಮಿಯವರು, ಅಂದ್ರೆ ಕಾಗದ ಮಡಚಿ ಆಕಾರ ಮಾಡೋ ಜಪಾನಿ ಕಲೆಯೋರು, ಬೆಟ್ಟ, ಕಣಿವೆ ಅಂತಾರೆ. ‘ಕಣಿವೆ ಮಡಿಕೆ’ ಅಂದ್ರೆ ಯಾವ್ದೋ ಊರಿನ ಹೆಸರಿದ್ದ ಹಾಗಿದೆ, ನಾನು ‘ಉಬ್ಬು ಮಡಿಕೆ, ತಗ್ಗು ಮಡಿಕೆ’ ಅಂತ ಹಾಕಿದೀನಿ, ನಮ್ಮ ಕಡೆ ಮಡಿಕೆ ಅಂದ್ರೆ ನೀರು ತುಂಬೋ ಮಡಿಕೆನೂ ಆಗುತ್ತೆ ಅನ್ನೋದು ಬೇರೆ.

ಬುಕ್ ಬೈಂಡಿಂಗ್ ಮಾಡೋರು, ಹಳೇ ಪ್ರೆಸ್‌ನಲ್ಲಿ ಕೆಲ್ಸ ಮಾಡಿದೋರು, ಚಪ್ಪಲಿ ಹೊಲಿಯೋರ ಪರಿಚಯ ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ: ಕತ್ತರಿಸದೆ, ಬಣ್ಣ ಹತ್ತದೆ, ಮೊಂಡು ತುದಿಯಿಂದ ಒತ್ತಿ ಗೆರೆ ಎಳೆಯೋದಕ್ಕೆ ನಿಮ್ಮ ಕಡೆ ಏನಂತಾರೆ? ಧಾರವಾಡ, ಮಂಗಳೂರು ಕಡೆಯ ಮಾತಾದ್ರೂ ನಡೆಯುತ್ತೆ. ಮುಂದಿನ ಹಾಳೆ ಭಾನುವಾರ ಪ್ರಿಂಟ್‌ಗೆ ಕೊಡ್ಬೇಕು, ಸದ್ಯಕ್ಕೆ ಆ ಜಾಗದಲ್ಲಿ ‘ಖಾಲಿ ರೀಫಿಲ್‌ನಿಂದ ಒತ್ತಿ ಎಳಿ, ಬ್ಲೇಡ್ ಮುಟ್ಬೇಡ’ ಅಂತ ಬರೆದಿಟ್ಟಿದೀನಿ.